ಲೆನ್ಸ್ ಮುಟ್ಟದ ಅಂಚು

ವಿಜಯಶ್ರೀ ಕ್ಯಾಮೆರಾ ಹಿಡಿದು ಎದುರಿಗೆ ನಿಂತಾಗ ಯಾರಿಗೂ ನಗಿರಿ ಎಂದು ಹೇಳುವುದಿಲ್ಲ. "ನೆಟ್ಟಗ ನಿಲ್ರಿ" ಎನ್ನುತ್ತಾಳೆ, ಅಷ್ಟೇ. ಮದುವೆ ಮನೆಯಲ್ಲಿ ಈ ಧಾಟಿ ಕೆಲವರಿಗೆ ಹಿಡಿಸುವುದಿಲ್ಲ. ನನಗೆ ಹಿಡಿಸಿತು. ನಗುವವರು ಹೇಳಿಸಿಕೊಳ್ಳದೆಯೇ ನಗುತ್ತಾರೆ.

ಅವಳು ಹುಟ್ಟಿದ್ದು ತೆಲುಗು ನಾಡಿನ ಮಹಾನಗರದ ಅಂಚಿನ ಮಣಿಕೊಂಡದಲ್ಲಿ, ಕಟ್ಟಡ ಕಾರ್ಮಿಕರ ತಗಡಿನ ಶೆಡ್ಡಿನಲ್ಲಿ. ಅಪ್ಪ ಮೌನಪ್ಪ ಸುರಪುರದ ಕಡೆಯಿಂದ ಬಂದ ಗೌಂಡಿ. ಈಗ ನಾನು ವಾಸಿಸುವ ಅಪಾರ್ಟ್‌ಮೆಂಟಿನ ಗೋಡೆಗಳಿಗೆ ಗಿಲಾವು ಮಾಡಿದವರಲ್ಲಿ ಅವನೂ ಒಬ್ಬ. ತಾಯಿ ಗುಂಡಮ್ಮ ಮೊದಲು ತಲೆಯ ಮೇಲೆ ಸಿಮೆಂಟು ಮರಳು ಹೊತ್ತಳು. ಸೊಂಟ ಸೋತ ಮೇಲೆ ಜೋಳದ ರೊಟ್ಟಿ ಬಡಿದು ಮಾರತೊಡಗಿದಳು. ಮಣಿಕೊಂಡದ ಕನ್ನಡ ಮನೆಗಳಿಗೆ ಕಡಕ್ ರೊಟ್ಟಿ ಹೋಗುವುದು ಅವಳಿಂದಲೇ. ನನ್ನ ಮನೆಗೂ ಬರುತ್ತದೆ. ಆ ಕುಟುಂಬ ನನಗೆ ಪರಿಚಯವಾದದ್ದು ಹಾಗೆ.

ಹುಡುಗಿ ತೆಲುಗು ಮಾಧ್ಯಮದಲ್ಲಿ ಇಂಟರ್, ಅಂದರೆ ಪಿಯುಸಿ, ಮುಗಿಸಿ ಮೆಹದಿಪಟ್ಟಣಂನ ಯಶವಂತನ ಸ್ಟುಡಿಯೋ ಸೇರಿದಳು. ಯಶವಂತ ಬಸವಕಲ್ಯಾಣದ ಕಡೆಯವನು. ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಅವನ ಅಂಗಡಿ. ಅವಳಿಗೆ ಮೊದಲು ಸಿಕ್ಕಿದ್ದು ಪಾಸ್‌ಪೋರ್ಟ್ ಫೋಟೋ ಕತ್ತರಿಸುವ ಕೆಲಸ. ಆಮೇಲೆ ಮದುವೆಗಳಲ್ಲಿ ಲೈಟ್ ಹಿಡಿಯುವ ಕೆಲಸ. ಲೈಟ್ ಹಿಡಿಯುವವರು ಫೋಟೋದಲ್ಲಿ ಇರುವುದಿಲ್ಲ, ಫೋಟೋ ತೆಗೆಯುವುದೂ ಇಲ್ಲ. ಕೈ ಮೇಲೆತ್ತಿ ಇಡೀ ಮದುವೆ ನಿಂತಿರಬೇಕು. ವಿಜಯಶ್ರೀ ವರ್ಷಗಟ್ಟಲೆ ಹಾಗೆ ನಿಂತಳು. ಯಶವಂತ ಎಲ್ಲಿ ನಿಲ್ಲುತ್ತಾನೆ, ಯಾವಾಗ ಬಗ್ಗುತ್ತಾನೆ, ಯಾವುದನ್ನು ಬಿಟ್ಟುಬಿಡುತ್ತಾನೆ ಎಂಬುದನ್ನೆಲ್ಲ ನೋಡುತ್ತ ಕೆಲಸ ಕಲಿತಳು. ಶೆಡ್ಡುಗಳ ಜನ ಅವಳನ್ನು ಬಸುರಿಯರ ಕುಬುಸಕ್ಕೆ, ಕೂಸಿನ ತೊಟ್ಟಿಲಿಗೆ ಕರೆಯುತ್ತಿದ್ದರು. ಅಲ್ಲಿ ಅವಳೇ ಫೋಟೋ ತೆಗೆಯುತ್ತಿದ್ದಳು. ಫಂಕ್ಷನ್ ಹಾಲ್‌ಗಳಲ್ಲಿ ಮಾತ್ರ ಅದೇ ಪ್ರಶ್ನೆ: "ಏನವಾ, ಫೋಟೋದಾಂವ ಎಲ್ಲಿ?"

"ನಾನs" ಎಂದು ಹೇಳುವ ದಿನ ಬರಬೇಕೆಂಬುದು ಅವಳ ಹಟ. ಆ ಹಟಕ್ಕಾಗಿ ಅವಳು ಕೋಠಿಯಲ್ಲಿ ಬೆಳಕು ಹಿಡಿಯುವ ಸೆನ್ಸರ್ ದೊಡ್ಡದಿರುವ ಒಂದು ಹಳೆಯ ಫುಲ್ ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾ ಕೊಂಡಳು. ಬರೀ ಕ್ಯಾಮೆರಾ; ಅದಕ್ಕೆ ತಕ್ಕ ಲೆನ್ಸ್ ಇಲ್ಲ. ಲೆನ್ಸ್ ಎಂದರೆ ಅವಳ ಹತ್ತಿರ ಇದ್ದದ್ದು ಯಶವಂತ ಬಿಟ್ಟುಕೊಟ್ಟ ಒಂದು ಹಳೆಯ ವೈಡ್ ಜೂಮ್. ಅದು ಸಣ್ಣ ಸೆನ್ಸರಿನ ಕ್ಯಾಮೆರಾಗಳಿಗಾಗಿ ಮಾಡಿದ್ದು. ಅದನ್ನು ಕ್ರಾಪ್ ಲೆನ್ಸ್ ಎನ್ನುತ್ತಾರೆ.

"ಕ್ರಾಪ್ ಲೆನ್ಸಾ?" ಎಂದ ಮೌನಪ್ಪ. "ಅದಕ್ಕೂ ಕ್ರಾಪ್ ಹೊಡಸ್ಯಾರೇನು? ಯಾವ ಕಟಿಂಗ್ ಅಂಗಡಿಯಾಗ?"

"ನಗಬ್ಯಾಡ ಅಪ್ಪಾ. ನಡುವಿಂದಷ್ಟs ಕಾಣ್ತೈತಿ ಅದಕ್ಕ."

ಈ ಮಾತು ಅವನಿಗೆ ತಿಳಿಯಲಿಲ್ಲ. ನಾನು ಬಾಗಿಲಲ್ಲಿ ರೊಟ್ಟಿಗಾಗಿ ಕಾಯುತ್ತಿದ್ದೆ, ನನಗೂ ತಿಳಿಯಲಿಲ್ಲ. ವಿಜಯಶ್ರೀ ಅಡಾಪ್ಟರ್ ಹಾಕಿ ಲೆನ್ಸ್ ಕೂಡಿಸಿ, ಅಂಗಳದ ಒಂದು ಚಿತ್ರ ತೆಗೆದು ಎಲ್ಲರಿಗೂ ತೋರಿಸಿದಳು. ನಡುವೆ ದುಂಡಗೆ ಬೆಳಕಿತ್ತು, ಗುಂಡಮ್ಮ ಇದ್ದಳು, ರೊಟ್ಟಿಯ ಹಂಚು ಇತ್ತು. ನಾಲ್ಕು ಮೂಲೆಗಳೂ ಕಪ್ಪಗಿದ್ದವು, ಕಿಂಡಿಯಲ್ಲಿ ಇಣುಕಿದ ಹಾಗೆ.

ಗುಂಡಮ್ಮ ಅದನ್ನು ನೋಡಿ, ತಾನು ರೊಟ್ಟಿ ತುಂಬುತ್ತಿದ್ದ ರಟ್ಟಿನ ಡಬ್ಬಿಯನ್ನು ನೋಡಿದಳು. ಚೌಕದ ಡಬ್ಬಿ, ದುಂಡನೆಯ ರೊಟ್ಟಿ, ಖಾಲಿ ಮೂಲೆಗಳು.

"ಡಬ್ಬಿ ದೊಡ್ಡದು ತಂದಿ, ರೊಟ್ಟಿ ಹಳೇದs ಐತಿ" ಎಂದಳು.

ವಿಷಯ ಇಷ್ಟೇ. ಲೆನ್ಸ್ ಒಳಗೆ ಬಿಡುವ ಬೆಳಕು ದುಂಡು. ಅದನ್ನು ಹಿಡಿಯುವ ಸೆನ್ಸರ್ ಉದ್ದ ಚೌಕ. ಸಣ್ಣ ಸೆನ್ಸರಿಗೆ ಮಾಡಿದ ಲೆನ್ಸಿನ ದುಂಡು ದೊಡ್ಡ ಸೆನ್ಸರಿನ ಮೂಲೆಗಳನ್ನು ಮುಟ್ಟುವುದಿಲ್ಲ.

"ಮತ್ತ ದೊಡ್ಡ ರೊಟ್ಟಿ ತಗೊಂಬಾ" ಎಂದ ಅಪ್ಪ.

"ಈಗ ಆಗಂಗಿಲ್ಲ."

"ಹಂಗಾರ ಡಬ್ಬಿ ಸಣ್ಣದು ಮಾಡು" ಎಂದಳು ಗುಂಡಮ್ಮ.

ಕ್ಯಾಮೆರಾದಲ್ಲಿ ಅದಕ್ಕೂ ಒಂದು ಗುಂಡಿ ಇದೆಯಂತೆ. ಅದನ್ನು ಒತ್ತಿದರೆ ಸೆನ್ಸರಿನ ನಡುವಿನ ಭಾಗ ಮಾತ್ರ ಕೆಲಸ ಮಾಡುತ್ತದೆ, ಕಪ್ಪು ಮೂಲೆ ಹೋಗುತ್ತದೆ. ಆದರೆ ಚಿತ್ರದ ಚುಕ್ಕೆಗಳು, ಅಂದರೆ ಪಿಕ್ಸೆಲ್‌ಗಳು, ಅರ್ಧಕ್ಕಿಂತ ಕಡಿಮೆ ಉಳಿಯುತ್ತವೆ. ಸಣ್ಣ ಪ್ರಿಂಟಿಗೆ ಸಾಕು. ಗೋಡೆಯಗಲದ ಪ್ರಿಂಟಿನಲ್ಲಿ, ಜನ ತುಂಬಿದ ಗ್ರೂಪ್ ಫೋಟೋದಲ್ಲಿ, ಮುಖಗಳು ಹಿಟ್ಟು ಹಿಟ್ಟಾಗುತ್ತವೆ. ಶೆಡ್ಡಿನ ತೊಟ್ಟಿಲು ಕಾರ್ಯಗಳಿಗೆ ಅವಳು ಆ ಗುಂಡಿ ಒತ್ತಿಯೇ ಕೆಲಸ ನಡೆಸಿದಳು.

ಮಿಯಾಪುರದಲ್ಲಿ ನನ್ನ ತಮ್ಮ ನರಹರಿ ಇದ್ದಾನೆ. ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯಲ್ಲಿ ಜೀವನವಿಡೀ ದುಡಿದು ನಿವೃತ್ತನಾದವನು. ಅವನ ಮಗಳು ತೇಜಸ್ವಿನಿಯ ಮದುವೆ ಮಿಯಾಪುರದ ಒಂದು ಫಂಕ್ಷನ್ ಹಾಲ್‌ನಲ್ಲಿ ಗೊತ್ತಾಯಿತು. ಆ ಹಾಲಿನ ಫೋಟೋ ಕೆಲಸವೆಲ್ಲ ಯಶವಂತನದು. ನಾನು ಯಾರನ್ನೂ ಶಿಫಾರಸು ಮಾಡಲಿಲ್ಲ. ಅದು ನನ್ನ ಅಭ್ಯಾಸವಲ್ಲ. ನರಹರಿಯ ಮಗ ರವಿಕಿರಣನಿಗೆ ಕ್ಯಾಮೆರಾಗಳ ಹುಚ್ಚು. ಅವನು ಹೇಳಿಕೊಟ್ಟಂತೆ ನರಹರಿ ಯಶವಂತನಿಗೆ ಫೋನ್ ಮಾಡಿದ.

"ಫುಲ್ ಫ್ರೇಮ್ ಬೇಕು ನೋಡ್ರಿ. ಅರ್ಧಾಮರ್ಧಾ ನಡಿಯಂಗಿಲ್ಲ."

"ಫುಲ್ ಫ್ರೇಮ್ ಐತ್ರಿ ಸಾಹೇಬ್ರ" ಎಂದ ಯಶವಂತ.

ಇಬ್ಬರೂ ಸಮಾಧಾನದಿಂದ ಫೋನ್ ಇಟ್ಟರು. ಇಬ್ಬರೂ ಒಂದೇ ವಸ್ತುವಿನ ಬಗ್ಗೆ ಮಾತನಾಡುತ್ತಿರಲಿಲ್ಲ ಎಂಬುದು ಆಮೇಲೆ ತಿಳಿಯಿತು.

ಯಶವಂತನ ಮೊಣಕಾಲು ಕೆಟ್ಟಿತ್ತು. ಹಾಲಿನ ಕೆಲಸವನ್ನು ಯಾರಿಗಾದರೂ ಒಪ್ಪಿಸಲೇಬೇಕಿತ್ತು. ಸ್ಟುಡಿಯೋದ ಒಳ್ಳೆಯ ಲೆನ್ಸುಗಳೆಲ್ಲ ಅವನ ಅಕ್ಕನ ಮಗ ಸೂರಜ್‌ನ ಕೈಯಲ್ಲಿದ್ದವು. ಸೂರಜ್ ಅದೇ ಮುಹೂರ್ತಕ್ಕೆ ಜಹೀರಾಬಾದಿನ ಇನ್ನೊಂದು ಮದುವೆಗೆ ಹೋಗುವವನಿದ್ದ. ದೊಡ್ಡ ಮುಹೂರ್ತ, ನಗರದಲ್ಲಿ ಬಾಡಿಗೆಗೆ ಸಿಗುವ ಲೆನ್ಸುಗಳೆಲ್ಲ ಹೊರಗೆ ಹೋಗಿದ್ದವು. ಯಶವಂತ ವಿಜಯಶ್ರೀಯನ್ನು ಕರೆದು ಹೇಳಿದ:

"ವಿಜಿ, ಇದು ನೀ ಮಾಡು. ಗ್ರೂಪ್ ಫೋಟೋ ಆ ಮಂದಿಗೆ ಪಸಂದ್ ಬಂತಂದ್ರ ಹಾಲ್ ನಿಂದು. ಬರಲಿಲ್ಲಂದ್ರ ಸೂರಜ್‌ನ ಕೈಯಾಗ ಕ್ಯಾಮೆರಾ, ನಿನ್ನ ಕೈಯಾಗ ಲೈಟ್. ಆಮ್ಯಾಲ ಅಳಬ್ಯಾಡ."

"ಅಳಂಗಿಲ್ರಿ" ಎಂದಳಂತೆ.

ಅವಳು ಮೊದಲೇ ಹಾಲಿಗೆ ಹೋಗಿ ಅಳೆದು ನೋಡಿದಳು. ವೇದಿಕೆಯ ಎದುರು ಊಟದ ಹಾಲಿನ ಗೋಡೆ. ಹಿಂದೆ ಸರಿಯಲು ಜಾಗವಿಲ್ಲ. ಅಷ್ಟು ಜನರನ್ನು ಹಿಡಿಯಬೇಕಾದರೆ ವೈಡ್ ಲೆನ್ಸೇ ಬೇಕು. ಗುಂಡಿ ಒತ್ತಿದರೆ ಫುಲ್ ಫ್ರೇಮ್ ಅನ್ನುವ ಮಾತು ಸುಳ್ಳಾಗುತ್ತದೆ. ಒತ್ತದಿದ್ದರೆ ಮೂಲೆ ಕಪ್ಪು. ಲೆನ್ಸಿನ ಮುಂದಿನ ಕೊಳವೆಯಂಥ ಮರೆಯನ್ನು ಕಳಚಿದಳು, ಕಪ್ಪು ಸ್ವಲ್ಪ ಹಿಂದೆ ಸರಿಯಿತು. ಜೂಮನ್ನು ಕೊನೆಯವರೆಗೆ ತಿರುಗಿಸಿದಳು, ಬೆಳಕಿನ ದುಂಡು ದೊಡ್ಡದಾಯಿತು. ಆದರೂ ಮೂಲೆಗಳಲ್ಲಿ ಉಗುರಿನಷ್ಟು ಕತ್ತಲೆ ಉಳಿಯಿತು. ಅಷ್ಟು ಕತ್ತಲೆಯನ್ನು ಇಟ್ಟುಕೊಂಡೇ ಅವಳು ಮದುವೆಯ ಹಿಂದಿನ ಮಧ್ಯಾಹ್ನ ಅರಿಶಿನದ ಫೋಟೋ ತೆಗೆಯಲು ನರಹರಿಯ ಮನೆಗೆ ಬಂದಳು.

ಅಲ್ಲಿ ಹಜಾರದ ಗೋಡೆಗೆ ಒಂದು ಖಾಲಿ ಚೌಕಟ್ಟು ಒರಗಿಸಿಟ್ಟಿತ್ತು. ಸಾಗುವಾನಿಯದು, ಉದ್ದಕ್ಕೆ ಮಲಗಿದ ಬಾಗಿಲಿನ ಹಾಗೆ. ಕಾರ್ಖಾನೆ ಕಾಲೊನಿಯ ಬಡಿಗ ಚಂದ್ರಾಮನಿಂದ ನರಹರಿ ಮಾಡಿಸಿದ್ದ.

"ತಂಗಿ, ನೋಡಿಲ್ಲೆ" ಎಂದ. "ಇದು ಫುಲ್ ಆಗಬೇಕು."

"ಏನು ಫುಲ್ರಿ?"

"ಫ್ರೇಮ್! ಮತ್ತೇನು? ನಿಮ್ಮ ಯಶವಂತಗ ಹೇಳಿದ್ದೆನಲ್ಲ, ಫುಲ್ ಫ್ರೇಮ್ ಬೇಕಂತ. ನಾ ರಿಟೈರ್ ಆದಾಗ ಒಂದು ಕೊಟ್ಟಿದ್ರು. ಫ್ರೇಮ್ ಇಷ್ಟುದ್ದ, ಸುತ್ತಲೂ ಬಿಳೇ ರಟ್ಟು, ನಡುವ ಅಂಗೈಯಷ್ಟು ಫೋಟೋ. ಅದರಾಗ ನಾ ಯಾರು, ಫೋರ್‌ಮನ್ ಯಾರು, ಗೊತ್ತಾಗಂಗಿಲ್ಲ. ಹಂಗ ಆಗಬಾರದು. ಈ ತುದಿಯಿಂದ ಆ ತುದಿ ಮಂದೀನ ಇರಬೇಕು."

ರವಿಕಿರಣ ನಗಲು ಶುರುಮಾಡಿದ. "ಅಪ್ಪಾ, ಫುಲ್ ಫ್ರೇಮ್ ಅಂದ್ರ ಕ್ಯಾಮೆರಾದಾಗಿನ ಸೆನ್ಸರ್. ಕಟ್ಟಿಗಿ ಅಲ್ಲ."

"ನಿನ್ನ ಸೆನ್ಸರ್ ಗ್ವಾಡಿಗೆ ತೂಗಹಾಕ್ತಿಯೇನು?" ಎಂದ ನರಹರಿ.

ಮನೆ ತುಂಬ ನೆಂಟರು; ಎಲ್ಲರೂ ನಕ್ಕರು. ವಿಜಯಶ್ರೀ ನಗಲಿಲ್ಲ. ಅವಳು ಚೌಕಟ್ಟನ್ನು ನೋಡುತ್ತಿದ್ದಳು. ಅಷ್ಟರಲ್ಲಿ ರವಿಕಿರಣ ಅವಳ ಕ್ಯಾಮೆರಾವನ್ನು ಕೈಗೆ ತೆಗೆದುಕೊಂಡು ತಿರುಗಿಸಿದ. ನಗು ನಿಂತಿತು.

"ಇದು ಕ್ರಾಪ್ ಲೆನ್ಸ್."

"ಹೌದ್ರಿ."

"ಗೊತ್ತಿದ್ದೂ ತಂದೀಯೇನು?"

"ಗೊತ್ತಿದ್ದs ತಂದೀನ್ರಿ. ಕ್ಯಾಮೆರಾ ಫುಲ್ ಐತಿ, ಲೆನ್ಸ್ ಕ್ರಾಪ್ ಐತಿ."

ನರಹರಿಗೆ ಕೇಳಿಸಿದ್ದು ಒಂದೇ ಶಬ್ದ. "ಕ್ರಾಪ್ ಅಂದ್ರ ಕತ್ತರಿಸೋದಲ್ಲೇನು? ಯಾರನ್ನ ಕತ್ತರಸ್ತಿ?"

ರವಿಕಿರಣ ಅಲ್ಲಿಂದಲೇ ಯಶವಂತನಿಗೆ ಫೋನ್ ಮಾಡಿದ. ಅವನು ಹೇಳಿದ್ದು ತಪ್ಪಾಗಿರಲಿಲ್ಲ. ಮೂಲೆ ಕಪ್ಪಾಗುತ್ತದೆ, ಅಂಚು ಮಸುಕಾಗುತ್ತದೆ, ಗುಂಡಿ ಒತ್ತಿದರೆ ಚುಕ್ಕೆ ಹೋಗುತ್ತವೆ: ಎಲ್ಲ ಸರಿಯಾಗಿಯೇ ಹೇಳಿದ. ಯಶವಂತ ಫೋನನ್ನು ವಿಜಯಶ್ರೀಗೆ ಕೊಡಿಸಿದ. ಸೂರಜ್ ಜಹೀರಾಬಾದಿನ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿ ಬೆಳಗಿನೊಳಗೆ ಬರಬಲ್ಲ, ಕರೆಸಲೇ ಎಂದು ಕೇಳಿದ. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ನಾಳೆ ಅವಳು ಲೈಟ್ ಹಿಡಿದು ನಿಂತಿರುತ್ತಿದ್ದಳು. ಅದು ಅವಳಿಗೆ ಬರುವ ಕೆಲಸವೇ.

"ಸ್ವಲ್ಪ ತಡೀರಿ. ನಾನs ಫೋನ್ ಮಾಡ್ತೀನಿ" ಎಂದಳು. ಆಮೇಲೆ ನರಹರಿಯ ಕಡೆ ತಿರುಗಿ, "ಸರ್, ಟೇಪ್ ಐತೇನ್ರಿ, ಅಳಿಯೋದು?"

ಕಾರ್ಖಾನೆಯ ಮನುಷ್ಯ, ಟೇಪ್ ಇಲ್ಲದಿರುತ್ತದೆಯೇ? ತಂದುಕೊಟ್ಟ. ಅವಳು ಚೌಕಟ್ಟನ್ನು ಅಳೆದಳು. ಅಗಲ ಎತ್ತರದ ಸರಿಯಾಗಿ ಎರಡರಷ್ಟಿತ್ತು. ನಂತರ ಚೀಲದಿಂದ ವಿದ್ಯುತ್ ತಂತಿಗೆ ಸುತ್ತುವ ಕಪ್ಪು ಅಂಟುಪಟ್ಟಿ ತೆಗೆದು, ಕ್ಯಾಮೆರಾದ ಪರದೆಯ ಮೇಲೊಂದು ಕೆಳಗೊಂದು ಅಂಟಿಸಿದಳು. ನಡುವೆ ಉಳಿದದ್ದು ಚೌಕಟ್ಟಿನ ಅಳತೆಯ ಉದ್ದನೆಯ ಕಿಟಕಿ.

"ಡಬ್ಬಿ ನಾಕೂ ಕಡೆ ಕೊಯ್ಯೋದು ಬ್ಯಾಡ" ಎಂದು ತನಗೇ ಹೇಳಿಕೊಂಡಳು. "ಮ್ಯಾಲ ಕೆಳಗ ಕೊಯ್ದ್ರ ಸಾಕು."

ಯಾರಿಗೂ ಅರ್ಥವಾಗಲಿಲ್ಲ, ರೊಟ್ಟಿಯ ಡಬ್ಬಿ ನೋಡಿದ್ದ ನನಗೆ ಮಾತ್ರ ಆಯಿತು. ಕತ್ತಲೆ ಇದ್ದದ್ದು ಮೂಲೆಗಳಲ್ಲಿ. ಉದ್ದನೆಯ ಚೌಕಟ್ಟಿಗೆ ಚಿತ್ರದ ಮೇಲಿನ ಪಟ್ಟಿಯೂ ಬೇಡ, ಕೆಳಗಿನದೂ ಬೇಡ. ಆ ಪಟ್ಟಿಗಳ ಜೊತೆ ಮೂಲೆಗಳೂ ಹೋಗುತ್ತವೆ. ಅಗಲ ಪೂರ್ತಿ ಉಳಿಯುತ್ತದೆ, ಅಗಲದ ಚುಕ್ಕೆಗಳೂ ಉಳಿಯುತ್ತವೆ.

ಹಜಾರದಲ್ಲಿದ್ದವರನ್ನು ಗೋಡೆಗುಂಟ ಸಾಲಾಗಿ ನಿಲ್ಲಿಸಿದಳು. ನನ್ನನ್ನು ತೀರ ತುದಿಗೆ ನಿಲ್ಲಿಸಿದಳು. ಒಂದು ಚಿತ್ರ ತೆಗೆದು ಕ್ಯಾಮೆರಾವನ್ನು ರವಿಕಿರಣನ ಕೈಗೆ ಕೊಟ್ಟಳು. ಅವನು ದೊಡ್ಡದು ಮಾಡಿ ಮೂಲೆ ಮೂಲೆ ಹುಡುಕಿದ.

"ಕಪ್ಪು ಇಲ್ಲ" ಎಂದ. ಒಪ್ಪಿಕೊಂಡದ್ದಕ್ಕೆ ಸ್ವಲ್ಪ ಸಿಟ್ಟು ಬಂದಂತಿತ್ತು. "ಆದ್ರ ತುದಿ ಮಸುಕು. ಅತ್ತಿ, ನೀವು ಭಾಳ ದಪ್ಪ ಬಂದೀರಿ ನೋಡ್ರಿ."

"ಇದ್ದ ಹಾಗೆ ಬಂದಿರಬಹುದು" ಎಂದೆ.

"ಇಲ್ರಿ ಮೇಡಂ, ತುದಿಗೆ ನಿಂತೋರನ್ನ ಈ ಲೆನ್ಸ್ ಹಿಗ್ಗಸ್ತೈತಿ" ಎಂದಳು ವಿಜಯಶ್ರೀ. "ಅದಕ್ಕs ತುದಿಗೆ ಯಾರೂ ನಿಲ್ಲಬಾರದು. ಎರಡೂ ತುದಿಗೆ ಬಾಳೆಗಿಡ ನಿಲ್ಲಸ್ತೀನಿ. ಬಾಳೆಗಿಡ ದಪ್ಪ ಆದ್ರ ಅದೇನು ಬೇಜಾರ ಮಾಡ್ಕೊಳ್ಳಂಗಿಲ್ಲ. ಮಂದಿ ಎಲ್ಲಾ ನಡುವ."

ನರಹರಿ ಪರದೆಯನ್ನೂ ಚೌಕಟ್ಟನ್ನೂ ತಿರುಗಿ ತಿರುಗಿ ನೋಡಿದ. ಸೆನ್ಸರ್ ಅವನಿಗೆ ತಿಳಿಯದು, ಅಳತೆ ತಿಳಿಯುತ್ತದೆ.

"ಆಯ್ತು. ಆದ್ರ ಒಂದು ಮಾತು. ಒಬ್ಬರೂ ಬಿಟ್ಟು ಹೋಗಬಾರದು, ಒಬ್ಬರೂ ಅರ್ಧ ಬರಬಾರದು. ಪೂರಾ."

"ಪೂರಾ" ಎಂದಳು.

"ಆಗಲಿಲ್ಲಂದ್ರ?" ಎಂದ ರವಿಕಿರಣ.

"ಆಗಲಿಲ್ಲಂದ್ರ ಲೈಟ್ ಹಿಡೀತೀನ್ರಿ."

ಯಶವಂತನಿಗೆ ಫೋನ್ ಮಾಡಿ ಸೂರಜ್ ಬೇಡವೆಂದಳು.

ಮರುದಿನ ಅಕ್ಷತೆ ಮುಗಿದು ಊಟಕ್ಕೆ ಏಳುವ ಮೊದಲು ಗ್ರೂಪ್ ಫೋಟೋ. ವೇದಿಕೆಯ ಬಾಗಿಲಲ್ಲಿದ್ದ ಬಾಳೆಗಿಡಗಳನ್ನು ವಿಜಯಶ್ರೀ ತಾನೇ ಹೊತ್ತು ತಂದು ಎರಡು ತುದಿಗೆ ನಿಲ್ಲಿಸಿದಳು. ಗೌಂಡಿಯ ಮಗಳು, ಗಿಡಗಳು ಗೆರೆ ಎಳೆದಂತೆ ನೆಟ್ಟಗೆ ನಿಂತವು. ಮುಂದೆ ನೆಲದ ಮೇಲೆ ಮಕ್ಕಳು, ಕುರ್ಚಿಗಳಲ್ಲಿ ಹಿರಿಯರು ಮತ್ತು ಮುತ್ತೈದೆಯರು, ಹಿಂದೆ ಗಂಡಸರು, ನಡುವೆ ತೇಜಸ್ವಿನಿ ಮತ್ತು ಅಳಿಯ. ಎಲ್ಲರಿಗೂ ಹಸಿವು. ಅನ್ನದ ವಾಸನೆ ಬರುತ್ತಿತ್ತು.

ಅವಳು ಕ್ಯಾಮೆರಾ ಎತ್ತಿದವಳು ಇಳಿಸಿದಳು. ಬಲಗಡೆಯ ಬಾಳೆಗಿಡದ ಆಚೆಗೆ ಒಬ್ಬರು ನಿಂತಿದ್ದರು. ನಮ್ಮ ಅತ್ತಿಗೆ ಬಸಲಿಂಗಮ್ಮ. ನಮ್ಮ ತೀರಿಹೋದ ಅಣ್ಣನ ಹೆಂಡತಿ. ನರಹರಿಯನ್ನು ತಮ್ಮ ಮನೆಯಲ್ಲಿಟ್ಟುಕೊಂಡು ಓದಿಸಿದವರು ಅವರೇ. ಅಣ್ಣ ಹೋದಂದಿನಿಂದ ಯಾವ ಮದುವೆಯ ಸಾಲಿನಲ್ಲೂ ಅವರು ಕೊನೆಯವರು, ಯಾರೂ ಹೇಳದೆ ತಾವೇ ಹೋಗಿ ನಿಲ್ಲುವವರು. ನಮ್ಮ ಮನೆತನದ ಫೋಟೋಗಳಲ್ಲಿ ಬಸಲಿಂಗಮ್ಮನವರ ಒಂದು ಭುಜ ಇದೆ, ಸೆರಗು ಇದೆ. ಮುಖ ಕಡಿಮೆ.

"ಅಮ್ಮಾರ, ಒಳಗ ಬರ್ರಿ" ಎಂದಳು ವಿಜಯಶ್ರೀ. "ಅಲ್ಲಿಗೆ ಲೆನ್ಸ್ ಮುಟ್ಟಂಗಿಲ್ಲ."

"ಇರಲಿ ಬಿಡವಾ. ನಾ ಇಲ್ಲೇ ಇರ್ತೀನಿ. ಅರ್ಧ ಬಂದ್ರೂ ಸಾಕು."

"ಅರ್ಧ ತಗಿಯಂಗಿಲ್ರಿ. ಪೂರಾ ಅಂತ ಮಾತಾಗೈತಿ."

ಬಸಲಿಂಗಮ್ಮ ಕದಲಲಿಲ್ಲ. ಹಿಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. ಬೀಗರ ಕಡೆಯ ಒಬ್ಬ ಹಿರಿಯರು, ಮುತ್ತೈದೆಯರ ನಡುವೆ ಅವರು ಹೇಗೆ ಬಂದಾರು, ಸುಮ್ಮನೆ ತೆಗಿಯಮ್ಮಾ ಎಂದರು. ರವಿಕಿರಣ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಹೇಳಿದ: "ತಗದುಬಿಡು. ದೊಡ್ಡವ್ವಗ ರೂಢಿ ಐತಿ."

"ನನಗಿಲ್ರಿ" ಎಂದಳು.

ಕ್ಯಾಮೆರಾವನ್ನು ಎದೆಯ ಮೇಲೆ ಇಳಿಬಿಟ್ಟು ಕೈಕಟ್ಟಿ ನಿಂತಳು. ಇಡೀ ಮದುವೆ ಕೈ ಮೇಲೆತ್ತಿ ನಿಂತು ರೂಢಿಯಾದವಳಿಗೆ ಕೈಕಟ್ಟಿ ನಿಲ್ಲುವುದು ಕಷ್ಟವಲ್ಲ. ಮುಂದಿನ ಸಾಲಿನ ಮಕ್ಕಳು ಎದ್ದು ಓಡಲು ನೋಡಿದರು. ಬಡಿಸುವವರು ಬಾಗಿಲಿಗೆ ಬಂದು ನಿಂತರು. ಹಾಲಿನ ಮ್ಯಾನೇಜರ್ ತೆಲುಗಿನಲ್ಲಿ "ಏಮಯ್ಯಿಂದಮ್ಮಾ?" ಎಂದು, ಏನಾಯಿತೆಂದು ಕೇಳಿದ. ಅವಳು ಕಟ್ಟಿದ ಕೈ ಬಿಚ್ಚಲಿಲ್ಲ. ಹಾಲಿನ ಕೆಲಸ ಕೊಡುವ ಬಿಡುವ ವಿಚಾರದಲ್ಲಿ ಆ ಮ್ಯಾನೇಜರನ ಮಾತೂ ನಡೆಯುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ನರಹರಿ ಸಿಟ್ಟಿನಿಂದ ಎದ್ದ. "ಏನ್ ತಂಗಿ, ಮದುವಿ ನಿಲ್ಲಸ್ತಿಯೇನು?"

"ಒಬ್ಬರೂ ಅರ್ಧ ಬರಬಾರದು ಅಂದೋರು ನೀವs ರಿ ಸರ್. ಅಮ್ಮಾರು ಬಾಳೆಗಿಡದ ಆ ಕಡೆ ಅದಾರ. ಅಲ್ಲಿ ನನ್ನ ಲೆನ್ಸ್ ಇಲ್ಲ."

ನರಹರಿ ಬಾಳೆಗಿಡವನ್ನು ನೋಡಿದ. ಬಸಲಿಂಗಮ್ಮನವರ ಮುಖದ ಮೇಲೆ ಎಲೆ ಅಡ್ಡ ಬಂದಿತ್ತು. ಅವನು ಏನನ್ನು ಯೋಚಿಸಿದನೋ ನಾನು ಕೇಳಿಲ್ಲ. ತನ್ನ ಕುರ್ಚಿಯನ್ನು ಒಂದು ಮೊಳ ಪಕ್ಕಕ್ಕೆ ಎಳೆದ.

"ವೈನೀ, ಇಲ್ಲಿ ಬರ್ರಿ. ಊಟ ತಣ್ಣಗಾಗ್ತೈತಿ."

"ನರ್ಯಾ, ಮಂದಿ…"

"ಮಂದಿ ಉಪಾಸ ಅದಾರ. ಬರ್ರಿ."

ಬಸಲಿಂಗಮ್ಮ ಬಂದರು. ಯಾರೋ ಕುರ್ಚಿ ಕೊಟ್ಟರು. ಅವರು ಸೆರಗನ್ನು ಎರಡು ಸಲ ಸರಿಮಾಡಿಕೊಂಡರು. ಬೀಗರ ಹಿರಿಯರು ಚಾವಣಿಯನ್ನು ನೋಡುತ್ತಿದ್ದರು. ಫೋಟೋದಲ್ಲೂ ಹಾಗೆಯೇ ಬಂದಿದ್ದಾರೆ.

"ನೆಟ್ಟಗ ನಿಲ್ರಿ" ಎಂದಳು ವಿಜಯಶ್ರೀ.

ಲೆನ್ಸೊಂದು ನಮ್ಮ ಮನೆಯ ಪದ್ಧತಿಯನ್ನು ತಿದ್ದಿತು ಎಂದು ನಾನು ಬರೆಯುವುದಿಲ್ಲ. ಮುಂದಿನ ಮದುವೆಯಲ್ಲಿ ಬಸಲಿಂಗಮ್ಮ ಮತ್ತೆ ತುದಿಗೆ ಹೋಗಿ ನಿಲ್ಲಬಹುದು. ದೊಡ್ಡ ಲೆನ್ಸ್ ತಂದವನು ಅವರನ್ನು ಅಲ್ಲಿಯೇ ತೆಗೆಯಲೂಬಹುದು. ನಾನು ಹೇಳುತ್ತಿರುವುದು ಆ ದಿನ ನಡೆದದ್ದನ್ನು ಮಾತ್ರ.

ಪ್ರಿಂಟ್ ಬಂದಾಗ ಚಂದ್ರಾಮನೇ ಬಂದು ಅದನ್ನು ಚೌಕಟ್ಟಿಗೆ ಕೂಡಿಸಿದ. ಈ ತುದಿಯಿಂದ ಆ ತುದಿಯವರೆಗೆ ತುಂಬಿತ್ತು. ಬಿಳಿಯ ರಟ್ಟಿಗೆ ಜಾಗವಿರಲಿಲ್ಲ. ಯಶವಂತ ಕಾಲು ಎಳೆಯುತ್ತ ನೋಡಲು ಬಂದಿದ್ದ. ವಿಜಯಶ್ರೀ ಬಾಗಿಲ ಹತ್ತಿರ ನಿಂತಿದ್ದಳು. ರವಿಕಿರಣ ಚಿತ್ರಕ್ಕೆ ಮೂಗು ಹಚ್ಚುವಷ್ಟು ಹತ್ತಿರ ಹೋಗಿ, ಎಡದಿಂದ ಬಲಕ್ಕೆ ಮುಖ ಮುಖ ನೋಡುತ್ತ ಬಂದ.

"ಬಾಳೆ ಎಲಿ ಮಸುಕು ಬಂದೈತಿ" ಎಂದ ಕೊನೆಗೆ.

"ಎಲಿ ಮದುವಿ ಅಲ್ಲಲ್ಲ ಇದು" ಎಂದ ನರಹರಿ. "ಮಂದಿ?"

"ಮಂದಿ ಎಲ್ಲಾ ಸಾಫ್ ಅದಾರ."

"ದೊಡ್ಡವ್ವ?"

"ಪೂರಾ ಬಂದಾಳ."

ಯಶವಂತ ವಿಜಯಶ್ರೀಯ ಕಡೆ ತಿರುಗಿ, ಹಾಲಿನಲ್ಲಿ ಮುಂದಿನ ಮದುವೆ ಯಾರದು ಎಂದು ಅಲ್ಲಿಯೇ ಹೇಳಿದ.

ಈಗ ಅವಳು ಗಿರಾಕಿಗಳಿಗೆ ಮೊದಲೇ ಹೇಳಿಬಿಡುತ್ತಾಳೆ: ಕ್ಯಾಮೆರಾ ಫುಲ್, ಲೆನ್ಸ್ ಕ್ರಾಪ್, ಗೋಡೆಯ ಅಳತೆ ಕೊಡಿ. ಕೆಲವರು ಬೇರೆಯವರ ಹತ್ತಿರ ಹೋಗುತ್ತಾರೆ. ಹೋಗಲಿ ಎನ್ನುತ್ತಾಳೆ. ದೊಡ್ಡ ಲೆನ್ಸ್ ಒಂದು ದಿನ ಬರುತ್ತದೆ, ಅಲ್ಲಿಯವರೆಗೆ ಇದು ಎಲ್ಲಿ ಮುಟ್ಟುತ್ತದೆ, ಎಲ್ಲಿ ಮುಟ್ಟುವುದಿಲ್ಲ ಎಂಬುದು ತನಗೆ ಗೊತ್ತಿದೆ ಎನ್ನುತ್ತಾಳೆ.

ಹಾಲಿನ ಆ ಮುಂದಿನ ಮದುವೆಗೆ ನನಗೂ ಕರೆಯಿತ್ತು. ಸೂರಜ್‌ನನ್ನು ಯಶವಂತ ಅವಳ ಜೊತೆಗೆ ಕಳಿಸಿದ್ದ. ಬಾಗಿಲಲ್ಲಿ ಒಬ್ಬ ಹೆಂಗಸು ವಿಜಯಶ್ರೀಯನ್ನು ತಡೆದು, ಫೋಟೋದಾಂವ ಎಲ್ಲಿ ಎಂದು ಕೇಳಿದಳು.

"ನಾನs ರಿ" ಎಂದಳು ವಿಜಯಶ್ರೀ.

ಸೂರಜ್ ಲೈಟಿನ ಕಂಬ ಎತ್ತಿಕೊಂಡು ಹಿಂದೆ ನಿಂತಿದ್ದ. "ಎಲ್ಲಿ ನಿಲ್ಲಲಿ?" ಎಂದು ಕೇಳಿದ.

"ಎಡಕ್ಕ. ಇನ್ನೂ ಸ್ವಲ್ಪ ಮ್ಯಾಲೆತ್ತು."